ಯೆಜ್ಡಿಯ ಎರಡು ಚಕ್ರ, ಪೊರ್ಬುಗಳ ಒಂದು ಮಾವಿನ ಮರ

ಮಾರ್ಚ್ ತಿಂಗಳ ಆ ರಜಾದಿನ ಕಾಪುವಿನ ಜನಾರ್ದನ ಮಾಸ್ಟ್ರು ತಮ್ಮ ಯೆಜ್ಡಿ ಬೈಕಿನ ಎರಡೂ ಚಕ್ರಗಳನ್ನು ಮನೆಯಲ್ಲೇ ಕಳಚಲು ಹೋಗದಿದ್ದರೆ ಅಂದು ಮಧ್ಯಾಹ್ನ ಅವರು ಸಾಯುತ್ತಿರಲಿಲ್ಲ. ಅವರೇನೂ ಕಾಯಿಲೆಯ ಮನುಷ್ಯರಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತ, ಕುಚ್ಚಲಕ್ಕಿ ಅನ್ನಕ್ಕೆ ಹೆಂಡತಿ ಹಾಕಿದ ಮಿಡಿ ಉಪ್ಪಿನಕಾಯಿ ನಂಚಿಕೊಳ್ಳುತ್ತ, ಯೆಜ್ಡಿಯ ಪೆಟ್ರೋಲ್ ಟ್ಯಾಂಕಿನ ಆಕಾರದ ಒಂದು ಸುಭದ್ರ ಹೊಟ್ಟೆಯನ್ನು ಬೆಳೆಸಿಕೊಂಡು ಚೆನ್ನಾಗಿಯೇ ಇದ್ದರು. ಈ ಹೊಟ್ಟೆಯ ಆಕಾರವನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಊರಿನವರು ನೆನಪಿಟ್ಟುಕೊಂಡದ್ದರಿಂದಲೇ ಅನಾಹುತವಾಯಿತು.

ಎಲ್ಲದಕ್ಕೂ ಮೂಲ ಕಾರ್ಕಳದ ಭಾವಮೈದುನ ಸುಘೋಷ. ಅವನು ಬ್ಯಾಂಕಿನಲ್ಲಿ ಆಫೀಸರು. ಅಕ್ಕ ಶ್ರೀಮತಿಯನ್ನು ತವರಿಗೆ ಕರೆದೊಯ್ಯಲು ಕಾರಿನಲ್ಲಿ ಬಂದವನು, ಅಂಗಳದಲ್ಲಿ ನಿಂತಿದ್ದ ಯೆಜ್ಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ತಲೆಯಲ್ಲಾಡಿಸಿದ.

"ಭಾವ, ಈ ಟಯರಿನಲ್ಲಿ ಹೈವೇಗೆ ಹೋಗ್ತೀರಾ? ನನ್ನ ತಲೆಯಲ್ಲಿ ಇದಕ್ಕಿಂತ ಜಾಸ್ತಿ ಉಂಟು," ಎಂದು ತನ್ನ ಬೋಳುತಲೆ ಸವರಿಕೊಂಡ. "ನಾನಾದರೆ ಚಕ್ರ ಮನೆಯಲ್ಲೇ ಬಿಚ್ಚುತ್ತೇನೆ. ಬರೀ ಚಕ್ರ ಅಂಗಡಿಗೆ. ಇಡೀ ಗಾಡಿ ಕೊಟ್ಟರೆ ಅಲ್ಲಿ ಎಂತ ಮಾಡ್ತಾರೋ ಯಾರಿಗೆ ಗೊತ್ತು? ಆದರೆ ಅದು ಎಲ್ಲರಿಗೂ ಆಗುವ ಕೆಲಸ ಅಲ್ಲ ಬಿಡಿ."

ಈ ಕೊನೆಯ ಮಾತು ಮಾಸ್ಟ್ರಿಗೆ ನಾಟಿತು. ಸರಳ ಯಂತ್ರಗಳ ಪಾಠವನ್ನು ವರ್ಷವರ್ಷವೂ ಮಾಡುತ್ತ ಬಂದವರಿಗೆ, ಹಣ ಎಣಿಸುವವನು ಸ್ಪ್ಯಾನರು ಹಿಡಿಯುವ ಬಗ್ಗೆ ಉಪದೇಶ ಮಾಡುವುದೆಂದರೇನು? "ನೀನು ಅಕ್ಕನನ್ನು ವಾಪಸ್ ತಂದು ಬಿಡುವಾಗ ನೋಡು ಮಾರಾಯ, ಹೊಸ ಟಯರಿನಲ್ಲಿ ಮಿರಿಮಿರಿ ಅಂತ ನಿಂತಿರ್ತದೆ," ಎಂದು ಸವಾಲು ಹಾಕಿಯೇಬಿಟ್ಟರು.

ಶ್ರೀಮತಿಯಮ್ಮನಿಗೆ ಟಯರಿನ ಚಿಂತೆ ಇರಲಿಲ್ಲ. ಆಕೆಯ ಚಿಂತೆ ಅಂಗಳದ ಮೂಲೆಯ ಕಾಟು ಮಾವಿನ ಮರದ್ದು. ತವರಿನಿಂದ ಸಸಿ ತಂದು ನೆಟ್ಟು ಬೆಳೆಸಿದ ಮರ. ಅದರ ಮಿಡಿಯ ಉಪ್ಪಿನಕಾಯಿಗಾಗಿ ಮಣಿಪಾಲದ ಪ್ರೊಫೆಸರುಗಳು ಕೂಡ ಖಾಲಿ ಭರಣಿ ಹಿಡಿದು ಬರುತ್ತಿದ್ದರು. ಆದರೆ ಮರದ ಅರ್ಧ ಕೊಂಬೆಗಳು ಪಕ್ಕದ ಮನೆಯ ಡೊಮಿನಿಕ್ ಪೊರ್ಬುಗಳ ಹಂಚಿನ ಮೇಲೆ ಚಾಚಿಕೊಂಡಿದ್ದವು. ಬಹರೈನಿನಲ್ಲಿ ದುಡಿದು ಬಂದು ಕಟ್ಟಿಸಿದ ಮನೆ; ಮೇಲೆ ಬೀಳುವ ಒಂದೊಂದು ಎಲೆಯೂ ಪೊರ್ಬುಗಳ ಎದೆಯ ಮೇಲೇ ಬೀಳುತ್ತಿತ್ತು. "ಮಾಸ್ಟ್ರೇ, ಆ ಮರ ತೆಗೆಸಿ ಮಾರಾಯ್ರೆ," ಎಂದು ಅವರು ಪಾಗಾರದ ಗೋಡೆಯ ಆಚೆಯಿಂದ ದಿನವೂ ಹೇಳುವರು. "ನೋಡುವ, ನೋಡುವ," ಎಂದು ಮಾಸ್ಟ್ರು ದಿನವೂ ಹೇಳುವರು. ಗಂಡನ ಬಾಯಿಂದ "ನೋಡುವ" ಬಂದರೆ ಅದು ಮುಕ್ಕಾಲು ಒಪ್ಪಿಗೆ ಎಂಬುದು ಶ್ರೀಮತಿಯಮ್ಮನಿಗೆ ಗೊತ್ತಿತ್ತು.

"ಮಿಡಿ ಕೊಯ್ಯಲಿಕ್ಕೆ ಆಗುವಾಗ ಬರ್ತೇನೆ," ಎಂದರು ಕಾರು ಹತ್ತುತ್ತ. "ಈ ಮರಕ್ಕೆ ಯಾರಾದರೂ ಕತ್ತಿ ತಾಗಿಸಿದರೆ ನಾನು ಕಾರ್ಕಳದಲ್ಲೇ ಇರ್ತೇನೆ. ನೀವು ಪೊರ್ಬುಗಳ ಒಟ್ಟಿಗೆ ಸಂಸಾರ ಮಾಡಿ."

ಮರುದಿನ ಬೆಳಿಗ್ಗೆ ಮಾಸ್ಟ್ರು ಸ್ಪ್ಯಾನರು ಹಿಡಿದರು. ಬಿಸಿಲು ಬೇಡವೆಂದು ಹಲಗೆಯಿಟ್ಟು ಯೆಜ್ಡಿಯನ್ನು ಮನೆಯ ಮುಂದಿನ ಜಗಲಿಗೆ ಹತ್ತಿಸಿದರು. ಹಿಂದಿನ ಚಕ್ರದ ನಟ್ಟು ಅಲುಗಲಿಲ್ಲ. ಸನ್ನೆಗೋಲಿನ ನಿಯಮದ ಪ್ರಕಾರ ಸ್ಪ್ಯಾನರಿಗೆ ಒನಕೆ ಕಟ್ಟಿ ಎಳೆದಾಗ ನಟ್ಟು, ಒನಕೆ, ಮಾಸ್ಟ್ರು ಮೂವರೂ ಒಟ್ಟಿಗೆ ಅಂಗಳಕ್ಕೆ ಬಂದರು. ಮುಂದಿನ ಚಕ್ರ ಅಷ್ಟು ಸತಾಯಿಸಲಿಲ್ಲ, ತಾನಾಗಿ ಕಳಚಿಕೊಂಡಿತು. ಆದರೆ ಅದು ಹೋದ ಕೂಡಲೇ ಗಾಡಿ ಅಡ್ಡಬಿದ್ದು ನಮಸ್ಕಾರ ಮಾಡುವವರ ಹಾಗೆ ಮೂಗು ಕೆಳಗೆ ಮಾಡಿ ಮಲಗಿಬಿಟ್ಟಿತು.

ಎಬ್ಬಿಸಲು ಒಬ್ಬರಿಂದ ಸಾಧ್ಯವಿರಲಿಲ್ಲ. ಹೊಟ್ಟೆಯಡಿಗೆ ತೆಂಗಿನ ಸಿಪ್ಪೆಯ ಗೋಣಿ ತುರುಕಿ, ಹೆಡ್‌ಲೈಟಿನ ಗಾಜು ಒಡೆಯಬಾರದೆಂದು ಅದರ ಕೆಳಗೆ ಒಂದು ಹಳೆಯ ದಿಂಬು ಇಟ್ಟರು. ಮಾವಿನ ಮರದ ಕಾಗೆಗಳು ಹೊಸದಾಗಿ ಉಜ್ಜಿದ ಟ್ಯಾಂಕಿನ ಮೇಲೆ ಕಣ್ಣಿಟ್ಟಿದ್ದವು. ಅದಕ್ಕಾಗಿ ಹಗ್ಗದ ಮೇಲೆ ಒಣಗಿದ್ದ ಬಿಳಿ ಪಂಚೆಯನ್ನು ತಂದು, ಈ ತುದಿಯಿಂದ ಆ ತುದಿಯವರೆಗೆ ಮುಚ್ಚಿದರು. ಬಾಗಿಲಿಗೆ ಬೀಗ ಹಾಕಿ, ಚಪ್ಪಲಿ ಅಲ್ಲೇ ಬಿಟ್ಟು, ಕ್ಯಾನ್ವಾಸ್ ಶೂ ಮೆಟ್ಟಿ, ಎರಡು ಚಕ್ರಗಳನ್ನು ಎರಡು ಕೈಯಲ್ಲಿ ಉರುಳಿಸುತ್ತ ಹಿತ್ತಲ ಕಾಲುದಾರಿ ಹಿಡಿದರು. ಮುಂಬಾಗಿಲಿನಿಂದ ಹೋದರೆ ಪೊರ್ಬುಗಳು ನೋಡಿ ನೂರು ಸಲಹೆ ಕೊಡುತ್ತಾರೆಂಬ ಭಯ. ಟ್ಯಾಂಕಿನ ಪೆಟ್ರೋಲ್ ನಲ್ಲಿ ಮುಚ್ಚಲು ಮಾತ್ರ ಮರೆತಿದ್ದರು.

ಉಡುಪಿಯ ಬಸ್ಸಿನಲ್ಲಿ ಅವರು ಚಕ್ರಗಳನ್ನು ಮಕ್ಕಳಂತೆ ಅಪ್ಪಿಕೊಂಡು ಕುಳಿತಿದ್ದ ಹೊತ್ತಿಗೆ, ಪೊರ್ಬುಗಳ ಹೆಂಡತಿ ಅಪೊಲೋನಿಯಾ ಬಾಯಿ ಒಂದು ಕಟ್ಟು ಬಸಳೆ ಹಿಡಿದು ಮಾಸ್ಟ್ರ ಗೇಟು ತೆಗೆದರು. ಜಗಲಿಯನ್ನು ನೋಡಿದರು. ಬಸಳೆ ಕೈಯಿಂದ ಜಾರಿತು.

"ಆಯ್ ಸಾಯ್ಬಾ!" ಎಂದು ಆಕೆ ಕೂಗಿದ ಕೂಗಿಗೆ ಕಾಗೆಗಳೆಲ್ಲ ಹಾರಿಹೋದವು.

ಪೊರ್ಬುಗಳು ಲುಂಗಿ ಎತ್ತಿ ಕಟ್ಟಿಕೊಂಡು ಓಡಿ ಬಂದರು. ಆಚೆ ಬದಿಯಿಂದ ದೇವಸ್ಥಾನದ ಅರ್ಚಕರಾದ ಪುಂಡರೀಕಾಕ್ಷ ಭಟ್ಟರು ಬಂದರು. ಮೂವರೂ ಮೆಟ್ಟಿಲ ಕೆಳಗೆ ನಿಂತರು. ಬಿಳಿ ಪಂಚೆಯಡಿಯಲ್ಲಿ ಉದ್ದಕ್ಕೆ ಮಲಗಿದ ಆಕಾರ. ದಿಂಬಿನ ಮೇಲೆ ದುಂಡನೆಯ ತಲೆ. ಎದೆಯ ಮೇಲೆ ಮಡಿಸಿದ ಕೈಗಳ ಹಾಗೆ ಹ್ಯಾಂಡಲು. ನಡುವೆ, ಊರಿಗೆಲ್ಲ ಪರಿಚಿತವಾದ ಆ ಹೊಟ್ಟೆ.

"ತಲೆ ದಕ್ಷಿಣಕ್ಕೆ ಉಂಟು," ಎಂದರು ಭಟ್ಟರು, ಧ್ವನಿ ಇಳಿಸಿ. "ತಿಳಿದವರೇ ಮಲಗಿಸಿ ಹೋಗಿದ್ದಾರೆ."

"ಬೈಕ್ ಎಲ್ಲಿ?" ಎಂದು ಪೊರ್ಬುಗಳು ಸುತ್ತ ನೋಡಿದರು. ಬೈಕ್ ನಿಲ್ಲುವ ಜಾಗ ಖಾಲಿ. ಮೂಗಿಗೆ ಪೆಟ್ರೋಲಿನ ಘಾಟು. "ನಿನ್ನೆಯೇ ಹೇಳಿದ್ದೆ ಭಟ್ಟರೇ! ಟಯರು ಬೋಳಾಗಿದೆ, ಹೈವೇಗೆ ಹೋಗಬೇಡಿ ಅಂತ. ನೋಡುವ, ನೋಡುವ ಅಂದರು. ಈಗ ನೋಡಿದರಲ್ಲ!"

"ಬೆಳಿಗ್ಗೆ ಆಂಬುಲೆನ್ಸಿನ ಶಬ್ದ ಕೇಳಿತ್ತು," ಎಂದರು ಅಪೊಲೋನಿಯಾ ಬಾಯಿ. ಮಣಿಪಾಲದ ಆಸ್ಪತ್ರೆಗೆ ಹೋಗುವ ಆಂಬುಲೆನ್ಸು ಆ ಹೈವೇಯಲ್ಲಿ ಕೂಗದ ಬೆಳಗು ಇಲ್ಲವೆಂಬುದು ಆಗ ಯಾರಿಗೂ ಹೊಳೆಯಲಿಲ್ಲ. ಮಣಿಪಾಲದಿಂದ ತಂದಿದ್ದಾರೆ, ಮನೆಗೆ ಬೀಗ ಇದ್ದುದರಿಂದ ಜಗಲಿಯಲ್ಲೇ ಮಲಗಿಸಿದ್ದಾರೆ, ಹೆಂಡತಿಯನ್ನು ಕರೆತರಲು ಯಾರೋ ಹೋಗಿದ್ದಾರೆ ಎಂದು ಎಲ್ಲವೂ ಸಾಲಾಗಿ ಹೊಂದಿಕೊಂಡಿತು.

ಈಗ ಪಂಚೆ ಎತ್ತಿ ಒಮ್ಮೆ ಮುಖ ನೋಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನೋಡಬಹುದಿತ್ತು. ಆದರೆ ಭಟ್ಟರಿಗೆ ರಾತ್ರಿ ಪೂಜೆ ಇತ್ತು. ಹೆಣ ಮುಟ್ಟಿ ಮೈಲಿಗೆ ಮಾಡಿಕೊಂಡರೆ ದೇವರಿಗೆ ಆರತಿ ಎತ್ತುವವರು ಯಾರು? ಪೊರ್ಬುಗಳು, "ಬೇರೆ ಜಾತಿಯವ ನಾನು, ಮನೆಯವರು ಬರುವ ಮೊದಲು ಮುಟ್ಟಿದರೆ ಚಂದವಾ?" ಎಂದರು. ಅಪೊಲೋನಿಯಾ ಬಾಯಿಗೆ ಆಕ್ಸಿಡೆಂಟಿನ ಮುಖ ನೋಡಿದರೆ ಪಿತ್ತ ಕೆದರುತ್ತಿತ್ತು. ಸುದ್ದಿ ಕೇಳಿ ಸೈಕಲ್ಲಿನಲ್ಲಿ ಬಂದ ಪೊಲೀಸ್ ಪೇದೆ ಸಂಜೀವಣ್ಣನಂತೂ ಮೆಟ್ಟಿಲಿನ ಹತ್ತಿರಕ್ಕೂ ಹೋಗಲಿಲ್ಲ.

"ಆಕ್ಸಿಡೆಂಟ್ ಆದದ್ದು ಎಲ್ಲಿ? ಯಾರ ಸರಹದ್ದು?" ಎಂದು ಕೇಳಿದ. ಯಾರಿಗೂ ಗೊತ್ತಿರಲಿಲ್ಲ. "ಗೊತ್ತಿಲ್ಲದೆ ನಾನು ಮುಟ್ಟುವುದು ಹೇಗೆ? ಮುಟ್ಟಿದರೆ ಕೇಸು ನನ್ನ ತಲೆಗೆ. ಪಡುಬಿದ್ರಿ ಕಡೆ ಆಗಿದ್ದರೆ ಅಲ್ಲಿಯ ಠಾಣೆಯವರು ಬಂದು ಎತ್ತಲಿ."

ಹೀಗೆ ಎಲ್ಲರಿಗೂ ಒಂದೊಂದು ನ್ಯಾಯವಾದ ಕಾರಣವಿತ್ತು. ಪಂಚೆಯಡಿಯ ಯೆಜ್ಡಿ ಯಾರ ತೊಂದರೆಯೂ ಇಲ್ಲದೆ ಶಾಂತವಾಗಿ ಮಲಗಿತ್ತು.

ಅಷ್ಟರಲ್ಲಿ ಮಾಸ್ಟ್ರ ಅಂಗಳ ಗುಡಿಸುವ ರಾಚವ್ವ ಗಂಡ ಹನುಮಪ್ಪನೊಂದಿಗೆ ಬಂದಳು. ಬಾದಾಮಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ದಂಪತಿ. ಕರಾವಳಿಯವರು ಕರ್ಚೀಫಿನೊಳಗೆ ಮೆತ್ತಗೆ ಅಳುವುದನ್ನು ಕಂಡು ರಾಚವ್ವನಿಗೆ ಕೆಡುಕೆನಿಸಿತು. ದೊಡ್ಡ ಮನುಷ್ಯ ಸತ್ತರೆ ಹೀಗೂ ಅಳುವುದುಂಟೇ? ಅಂಗಳದ ನಡುವೆ ಕೂತು, ತಲೆಗೆ ಸೆರಗು ಎಳೆದುಕೊಂಡು, ತನ್ನ ಊರಿನ ರೀತಿಯಲ್ಲಿ ಹಾಡಿ ಅಳಲು ಶುರುಮಾಡಿದಳು.

"ಎಲ್ಲಿಗೆ ಹೊಂಟ್ಯೋ ನನ್ನಪ್ಪಾ, ಮಾಸ್ತರಪ್ಪಾ! ಮುಂಜಾನೆದ್ದು ಚಾ ಕೊಡತಿದ್ದ್ಯೋ ನನ್ನಪ್ಪಾ! ಚಾದಾಗ ಸಕ್ರಿ ಕಡಿಮಿ ಇರತಿತ್ತೋ ನನ್ನಪ್ಪಾ! ಬೈದ್ರೂ ಮೆತ್ತಗ ಬೈತಿದ್ದ್ಯೋ, ಹೆಂಡ್ತಿ ಬಂದ್ರ ಸುಮ್ಮನಾಗ್ತಿದ್ದ್ಯೋ!"

ಕೇಳುತ್ತಿದ್ದವರು ಬೆಚ್ಚಿದರು. ಅದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ. ದಾರಿಯಲ್ಲಿ ಹೋಗುವವರು ಗೇಟಿನಲ್ಲಿ ನಿಂತರು. ಜನ ಸೇರಿತು.

ಭಟ್ಟರು ಗಂಟಲು ಸರಿಪಡಿಸಿಕೊಂಡರು. "ಮನೆಯವರು ಬರುವಾಗ ಎಲ್ಲ ತಯಾರಿರಬೇಕು. ಚಿತೆಯ ಕಟ್ಟಿಗೆಗೆ ಮಾವು ಆಗಬೇಕು."

ನಮ್ಮ ಕಡೆ ಸಾವಾದ ಮನೆಯವರು ಇದನ್ನೆಲ್ಲ ಬಾಯಿ ಬಿಟ್ಟು ಕೇಳಬೇಕಾಗಿಲ್ಲ. ನೆರೆಕರೆಯವರೇ ಬಂದು ಅಂಗಳದ ಮಾವಿನ ಮರ ಕಡಿದು ಕೊಡುವುದು ಮರ್ಯಾದೆ. ಎಲ್ಲರ ಕಣ್ಣೂ ಮೂಲೆಯ ಕಾಟು ಮಾವಿನ ಮರದ ಕಡೆ ಹೊರಳಿತು. ಹನುಮಪ್ಪ ಕೊಡಲಿ ತಂದು ಬುಡದಲ್ಲಿ ನಿಂತ.

"ಕಡೀಲೇನ್ರೀ?"

"ನಿಲ್ಲು!" ಎಂದು ಪೊರ್ಬುಗಳು ಕಿರುಚಿದರು. ಓಡಿಹೋಗಿ ಆ ಮರವನ್ನು ಅಪ್ಪಿಕೊಂಡರು. ವರ್ಷಗಟ್ಟಲೆ ಯಾವ ಮರವನ್ನು ಕಡಿಸಬೇಕೆಂದು ಹೋರಾಡಿದ್ದರೋ ಅದೇ ಮರ. "ಇದನ್ನು ಕಡಿಯಬೇಡ ಹನುಮಪ್ಪ! ಈ ಎಲೆಗಾಗಿ ನಾನು ಅವರ ಹತ್ತಿರ ಎಷ್ಟು ಜಗಳ ಮಾಡಿದೆ! ಇವತ್ತು ಇದು ಬಿದ್ದರೆ ಊರಿನವರು ಎಂತ ಹೇಳ್ಯಾರು? ಮಾಸ್ಟ್ರು ಸಾಯುವುದನ್ನೇ ಡೊಮಿನಿಕ್ ಕಾಯುತ್ತಿದ್ದ ಅಂತ ಹೇಳ್ತಾರೆ. ಶ್ರೀಮತಿಯಮ್ಮನಿಗೆ ಗಂಡನೂ ಇಲ್ಲ, ಮರವೂ ಇಲ್ಲ ಅಂತ ಆಗಬಾರದು."

"ಮತ್ತೆ ಕಟ್ಟಿಗೆ?" ಎಂದರು ಭಟ್ಟರು.

ಪೊರ್ಬುಗಳು ಕಣ್ಣು ಮುಚ್ಚಿದರು. ಅವರ ಹಿತ್ತಲಿನಲ್ಲಿ ಒಂದು ರತ್ನಗಿರಿ ಮಾವು ಇತ್ತು. ಬೊಂಬಾಯಿಯಿಂದ ಕಸಿ ಗಿಡ ತರಿಸಿ, ನೆರಳು ಮಾಡಿ, ನೀರು ಹೊತ್ತು ಬೆಳೆಸಿದ್ದು. ಆ ವರ್ಷ ಮೊದಲ ಬಾರಿಗೆ ಕೊಂಬೆ ಬಾಗುವಷ್ಟು ಕಾಯಿ ಬಿಟ್ಟಿತ್ತು. ಯಾರಾದರೂ ಮನೆಗೆ ಬಂದರೆ ಪೊರ್ಬುಗಳು ಮೊದಲು ಮರ ತೋರಿಸಿ ಆಮೇಲೆ ಕುರ್ಚಿ ತೋರಿಸುತ್ತಿದ್ದರು.

"ನನ್ನದನ್ನು ಕಡಿ," ಎಂದರು.

"ಡೊಮಿನಿಕ್!" ಎಂದು ಅಪೊಲೋನಿಯಾ ಬಾಯಿ ಎದೆ ಹಿಡಿದುಕೊಂಡರು.

"ನೀನು ಸುಮ್ಮನಿರು. ಭಟ್ಟರೇ, ನಮ್ಮ ಹಿತ್ತಲಿನ ಮರ ನಿಮಗೆ ಆಗ್ತದಾ?"

"ಮಾವಿನ ಮರಕ್ಕೆ ಎಂಥ ಜಾತಿ ಮಾರಾಯ್ರೆ?" ಎಂದು ಭಟ್ಟರು ಕಣ್ಣೊರೆಸಿಕೊಂಡರು. ಜನ ಬೆರಗಾಗಿ ನಿಂತಿದ್ದಂತೆಯೇ ಪಾಗಾರದ ಆಚೆ ಕೊಡಲಿಯ ಮೊದಲ ಏಟು ಬಿತ್ತು.

ಇನ್ನು ಶ್ರೀಮತಿಯಮ್ಮನಿಗೆ ತಿಳಿಸಬೇಕು. ಸಾವಿನ ಸುದ್ದಿಯನ್ನು ಫೋನಿನಲ್ಲಿ ನೇರವಾಗಿ ಹೇಳುವ ಕ್ರಮವಿಲ್ಲ. ಪೊರ್ಬುಗಳು ತಮ್ಮ ಮನೆಯ ಫೋನಿನಿಂದ ಕಾರ್ಕಳಕ್ಕೆ ಡಯಲ್ ಮಾಡಿದರು.

"ಶ್ರೀಮತಿಯಮ್ಮ, ಮಾಸ್ಟ್ರಿಗೆ ಸ್ವಲ್ಪ ಹುಷಾರಿಲ್ಲ. ನೀವು ಬೇಗ ಬರಬೇಕಿತ್ತು."

"ಹುಷಾರಿಲ್ವಾ? ಗೋಳಿಬಜೆ ತಿಂದಿರಬೇಕು. ಓಮದ ಕಷಾಯ ಮಾಡಿ ಕುಡಿಯಲಿ."

"ಕಷಾಯ ಕುಡಿಯುವ ಹಾಗಿಲ್ಲ. ಸ್ವಲ್ಪ ಜಾಸ್ತಿಯೇ ಹುಷಾರಿಲ್ಲ."

"ಹಾಗಾದರೆ ಡಾಕ್ಟ್ರಿಗೆ ತೋರಿಸಿ."

"ಡಾಕ್ಟ್ರ ಕೆಲಸ ಎಲ್ಲ ಮುಗಿದಿದೆ, ಅಮ್ಮ."

"ಮುಗಿದಿದ್ದರೆ ಮಲಗಲಿ."

"ಮಲಗಿದ್ದಾರೆ," ಎಂದರು ಪೊರ್ಬುಗಳು.

ಆಚೆ ಕಡೆ ಶ್ರೀಮತಿಯಮ್ಮನ ಧ್ವನಿ ಬದಲಾಯಿತು. "ಪೊರ್ಬುಗಳೇ, ಹಿಂದಿನಿಂದ ಎಂತ ಶಬ್ದ ಅದು? ಕೊಡಲಿಯಲ್ವಾ? ಮರ ಕಡಿಯುವ ಶಬ್ದ ಅಲ್ವಾ ಅದು?"

"ಅದು... ಅದು ನನ್ನ ಮರ."

"ನಿಮ್ಮ ರತ್ನಗಿರಿಯನ್ನು ನೀವು ಕಡಿಸುವುದಾ? ಯಾರಿಗೆ ಹೇಳ್ತೀರಿ? ನಾನು ಊರಿನಲ್ಲಿಲ್ಲ ಅಂತ ಅವರನ್ನು ಮಲಗಿಸಿ ನನ್ನ ಮರಕ್ಕೆ ಕೊಡಲಿ ಹಾಕಿದ್ದೀರಾ? ಈಗಲೇ ಬಂದೆ!"

ಫೋನು ಕುಕ್ಕಿದ ಸದ್ದಿಗೆ ಪೊರ್ಬುಗಳ ಕಿವಿ ಗುಂಯ್ ಎಂದಿತು. "ಪಾಪ, ದುಃಖದಲ್ಲಿ ತಲೆ ಸರಿ ಇಲ್ಲ," ಎಂದು ಅವರು ಹೊರಗೆ ಬಂದು ಎಲ್ಲರಿಗೂ ಹೇಳಿದರು.

ಇತ್ತ ಮಾಸ್ಟ್ರು ಹೊಸ ಟಯರು ಹಾಕಿಸಿ, ಅಂಗಡಿಯವನಿಗೆ ಸನ್ನೆಗೋಲಿನ ನಿಯಮ ವಿವರಿಸಿ, ನಿಜವಾಗಿಯೂ ಗೋಳಿಬಜೆ ತಿಂದು, ವಾಪಸು ಬಸ್ಸಿನಲ್ಲಿ ಕೂತಿದ್ದರು. ಬಸ್ಸು ಕಾಪುವಿಗೆ ಹತ್ತಿರವಾಗುವಾಗ ಕಂಡಕ್ಟರು ಡ್ರೈವರಿಗೆ ಹೇಳುವುದು ಕೇಳಿಸಿತು. "ಇಲ್ಲಿಯ ಹೈಸ್ಕೂಲಿನ ಒಬ್ಬರು ಮಾಸ್ಟ್ರು ಹೋದರಂತೆ. ಬೈಕು ಜಾರಿದ್ದಂತೆ."

ಮಾಸ್ಟ್ರ ಶಾಲೆಯಲ್ಲಿ ಬೈಕಿದ್ದ ಇನ್ನೊಬ್ಬರೆಂದರೆ ಡ್ರಿಲ್ ಮಾಸ್ಟ್ರು ಮಾತ್ರ. ಪಾಪ, ಸಣ್ಣ ಪ್ರಾಯ! ಟಯರು ನೋಡಿಕೊಳ್ಳದಿದ್ದರೆ ಹೀಗೇ ಆಗುವುದು. ಕಣ್ಣೊರೆಸಿಕೊಂಡು ಬಸ್ಸಿಳಿದರು. ಚಕ್ರಗಳನ್ನು ಮನೆಯಲ್ಲಿಟ್ಟು, ಅಂಗಿ ಬದಲಿಸಿ, ಡ್ರಿಲ್ ಮಾಸ್ಟ್ರ ಮನೆಗೆ ಹೋಗಬೇಕೆಂದು ಅಂದುಕೊಂಡು ತಮ್ಮ ಗೇಟಿಗೆ ಬಂದರೆ ಅಂಗಳ ತುಂಬ ಜನ. ಎಲ್ಲರೂ ಬೆನ್ನು ಹಾಕಿ ಜಗಲಿಯ ಕಡೆ ನೋಡುತ್ತಿದ್ದಾರೆ. ಹತ್ತಿರದಲ್ಲಿದ್ದ ಪೇದೆ ಸಂಜೀವಣ್ಣನ ಬೆನ್ನಿಗೆ ಮಾಸ್ಟ್ರು ಮೆಲ್ಲನೆ ಕೇಳಿದರು.

"ತಂದರಾ?"

"ತಂದಿದ್ದಾರೆ," ಎಂದ ಸಂಜೀವಣ್ಣ ತಿರುಗದೆ.

"ಇಲ್ಲಿಗೆ ಯಾಕೆ ತಂದರು?"

"ಅವರ ಮನೆಗೆ ತಾರದೆ ಮತ್ತೆಲ್ಲಿಗೆ ತರುವುದು?"

"ಇದು ಅವರ ಮನೆಯಾ?"

"ಜನಾರ್ದನ ಮಾಸ್ಟ್ರ ಮನೆ ಇದಲ್ಲದೆ ಮತ್ತೆ..." ಎನ್ನುತ್ತ ಸಂಜೀವಣ್ಣ ತಿರುಗಿದ. ಅವನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು.

ಮಾಸ್ಟ್ರ ಕೈಯಿಂದ ಒಂದು ಚಕ್ರ ಜಾರಿತು. ಹೊಸ ಟಯರು, ಚೆನ್ನಾಗಿ ಗಾಳಿ ತುಂಬಿದ್ದು. ಅದು ಪುಟಿಯುತ್ತ ಜನರ ನಡುವೆ ಉರುಳಿತು. ಜನ ಹೌಹಾರಿ ದಾರಿ ಬಿಟ್ಟರು. ರಾಚವ್ವನ ಹಾಡು "ನನ್ನಪ್ಪಾ" ಎಂಬಲ್ಲೇ ನಿಂತುಹೋಯಿತು. ಚಕ್ರ ಎಲ್ಲಿಯೂ ನಿಲ್ಲದೆ ನೆಟ್ಟಗೆ ಹೋಗಿ ಹಲಗೆ ಹತ್ತಿ, ಜಗಲಿಯೇರಿ, ದಿಂಬಿಗೆ ಡಿಕ್ಕಿ ಹೊಡೆಯಿತು. ಪಂಚೆ ಜಾರಿತು. ಹೆಡ್‌ಲೈಟು ಒಂಟಿಗಣ್ಣಿನಲ್ಲಿ ಊರನ್ನೆಲ್ಲ ನೋಡಿತು.

ಜನ ಒಮ್ಮೆ ಯೆಜ್ಡಿಯನ್ನು, ಒಮ್ಮೆ ಮಾಸ್ಟ್ರನ್ನು ನೋಡಿದರು. ಮೊದಲು ಮಾತು ಬಂದದ್ದು ಭಟ್ಟರಿಗೆ.

"ಹಾಗಾದರೆ ಈಗ ಸ್ನಾನ ಮಾಡಬೇಕಾ, ಬೇಡವಾ?"

"ಮಾಸ್ಟ್ರೇ!" ಎಂದು ಪೊರ್ಬುಗಳು ಕೂಗಿ, ಓಡಿ ಬಂದು, ಉಳಿದ ಚಕ್ರದ ಸಮೇತ ಅವರನ್ನು ಅಪ್ಪಿಕೊಂಡರು. "ನೀವು ಬದುಕಿದ್ದೀರಾ ಮಾರಾಯ್ರೆ! ನಾನು ನಿಮಗಾಗಿ..." ಅಲ್ಲಿಗೆ ಅವರಿಗೆ ಏನೋ ನೆನಪಾಯಿತು. ಮುಖ ಬಿಳಿಚಿತು. "ಹನುಮಪ್ಪಾ! ನಿಲ್ಲಿಸು! ನಿಲ್ಲಿಸೋ!"

ಪಾಗಾರದ ಆಚೆಯಿಂದ ಒಂದು ದೀರ್ಘವಾದ ಕರಕರ ಸದ್ದು ಬಂತು. ಆಮೇಲೆ ನೆಲ ಅದುರಿತು.

"ಬಿತ್ತ್ರೀ ಸಾಹೇಬ್ರ!" ಎಂದು ಹನುಮಪ್ಪ ಹೆಮ್ಮೆಯಿಂದ ಕೂಗಿದ.

ಅದೇ ಹೊತ್ತಿಗೆ ಸುಘೋಷನ ಕಾರು ಬಂದು ನಿಂತಿತು. ಶ್ರೀಮತಿಯಮ್ಮ ಇಳಿದವರೇ ಗಂಡನನ್ನು ನೋಡಲಿಲ್ಲ, ಜನರನ್ನು ನೋಡಲಿಲ್ಲ. ನೇರ ಮೂಲೆಯತ್ತ ನೋಡಿದರು. ಕಾಟು ಮಾವು ಮಿಡಿ ತುಂಬಿಕೊಂಡು ಹೇಗಿತ್ತೋ ಹಾಗೇ ನಿಂತಿತ್ತು. ಆಮೇಲೆ ಅವರ ಕಣ್ಣು ಪಾಗಾರದ ಆಚೆ ಹೋಯಿತು. ಸದಾ ರತ್ನಗಿರಿಯ ತಲೆ ಕಾಣುತ್ತಿದ್ದಲ್ಲಿ ಬರೀ ಆಕಾಶ ಕಾಣುತ್ತಿತ್ತು.

ಭಟ್ಟರು ಎಲ್ಲವನ್ನೂ ವಿವರಿಸಿದರು. ಕೇಳುತ್ತ ಕೇಳುತ್ತ ಶ್ರೀಮತಿಯಮ್ಮ ಜಗಲಿಯ ಮೆಟ್ಟಿಲ ಮೇಲೆ ಕುಸಿದು ಕೂತರು. ಗಂಡ ಸತ್ತಿದ್ದನೆಂಬುದೂ ಬದುಕಿದನೆಂಬುದೂ ಅವರಿಗೆ ಒಟ್ಟಿಗೇ ತಿಳಿಯಿತು. ಸುಘೋಷ ಮಾತ್ರ ಯೆಜ್ಡಿಯನ್ನು ಬಗ್ಗಿ ನೋಡಿ, "ಭಾವ, ಚಕ್ರ ಬಿಚ್ಚಲಿಕ್ಕೆ ಗೊತ್ತುಂಟು ನಿಮಗೆ," ಎಂದು ಮನಸಾರೆ ಒಪ್ಪಿಕೊಂಡ. ಯಾರೂ ಅವನ ಕಡೆ ತಿರುಗಲಿಲ್ಲ.

ಸಂಜೆ ಜನ ಚದುರಿದ ಮೇಲೆ ಮಾಸ್ಟ್ರೂ ಶ್ರೀಮತಿಯಮ್ಮನೂ ಪೊರ್ಬುಗಳ ಹಿತ್ತಲಿಗೆ ಹೋದರು. ಪೊರ್ಬುಗಳು ಬಿದ್ದ ಮರದ ಪಕ್ಕ ಕುಳಿತು ಎಳೆಕಾಯಿಗಳನ್ನು ಬುಟ್ಟಿಗೆ ಹಾಕುತ್ತಿದ್ದರು. ಹೇಗಿತ್ತು ನೋಡಿ ಅವರ ಪಾಡು: ಮರ ಹೋಯಿತೆಂದು ಅಳುವ ಹಾಗಿಲ್ಲ, ನೆರೆಯವನು ಬದುಕಿದನೆಂದು ಬೈಯುವ ಹಾಗಿಲ್ಲ. ಮಾಸ್ಟ್ರಿಗೆ ಸಂಕಟವಾಯಿತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಪೊರ್ಬುಗಳೇ, ನಮ್ಮ ಮರ ಕಡಿಸಿಬಿಡಿ," ಎಂದರು ಶ್ರೀಮತಿಯಮ್ಮ ಇದ್ದಕ್ಕಿದ್ದಂತೆ.

"ಛೆ, ಛೆ! ಒಂದು ದಿನಕ್ಕೆ ಒಂದು ಮರ ಸಾಕು," ಎಂದರು ಪೊರ್ಬುಗಳು. ಹನುಮಪ್ಪ ಕಡಿದು ಒಟ್ಟಿದ ಕಟ್ಟಿಗೆಯ ರಾಶಿಯನ್ನು ತೋರಿಸಿದರು. "ಮಾಸ್ಟ್ರೇ, ಇದನ್ನು ನಿಮ್ಮ ಕೊಟ್ಟಿಗೆಗೆ ಸಾಗಿಸಿ. ನಿಮ್ಮ ಹೆಸರಿನಲ್ಲಿ ಕೊಟ್ಟದ್ದು, ನಾನು ವಾಪಸು ತಗೊಳ್ಳುವುದಿಲ್ಲ. ಮಳೆಗೆ ನೆನೆಯದ ಹಾಗೆ ಇಡಿ. ಎಂದಾದರೂ ಬೇಕಾಗ್ತದಲ್ಲ."

ಮಾಸ್ಟ್ರು ಕಟ್ಟಿಗೆ ಹೊತ್ತರು. ಆ ವರ್ಷದ ಮಿಡಿ ಉಪ್ಪಿನಕಾಯಿಯ ಮೊದಲ ಭರಣಿ ಪಾಗಾರ ದಾಟಿ ಹೋಯಿತು. ಪ್ರೊಫೆಸರುಗಳಿಗೆ ಉಳಿದದ್ದು ಆಮೇಲೆ. ಪ್ರತಿ ಮಳೆಗಾಲದ ಮೊದಲು ಪೊರ್ಬುಗಳು ಬಂದು ಕಟ್ಟಿಗೆ ಒಣಗಿದೆಯೇ ಎಂದು ನೋಡಿ ಹೋಗುತ್ತಿದ್ದರು. ಹಂಚಿನ ಮೇಲೆ ಬೀಳುವ ಎಲೆಯ ಸುದ್ದಿಯನ್ನು ಮತ್ತೆ ಎತ್ತಲಿಲ್ಲ.

ವರ್ಷಗಳು ಕಳೆದು ಆ ಹೊಸ ಟಯರುಗಳೂ ಬೋಳಾದವು. ಒಂದು ಬೆಳಿಗ್ಗೆ ಮಾಸ್ಟ್ರು ಜಗಲಿಗೆ ಹಲಗೆಯಿಟ್ಟು, ಯೆಜ್ಡಿ ಹತ್ತಿಸಿ, ಸ್ಪ್ಯಾನರಿಗೆ ಒನಕೆ ಕಟ್ಟುತ್ತಿದ್ದರು. ಪಾಗಾರದ ಮೇಲಿಂದ ಡೊಮಿನಿಕ್ ಪೊರ್ಬುಗಳ ತಲೆ ಕಾಣಿಸಿತು. ಒಂ‍ದು ಗಳಿಗೆ ನೋಡಿ, ಎರಡೂ ಕೈ ಜೋಡಿಸಿದರು.

"ಬೇಡ ಮಾಸ್ಟ್ರೇ, ನಿಮ್ಮ ದಮ್ಮಯ್ಯ. ನನ್ನ ಹತ್ತಿರ ಈಗ ಹಲಸಿನ ಮರ ಮಾತ್ರ ಉಂಟು."